ಅಜ್ಜಿಯ ದನಿ ಎಲ್ಲಿ ಹೋಯಿತು?

ರೋಣ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಏಳನೆಯ ತರಗತಿಯ ಮಕ್ಕಳು ತಮ್ಮೂರಿನ ಬೀಸುವ ಪದಗಳನ್ನು ವಿಡಿಯೊ ಮಾಡಿ ಇಡಬೇಕೆಂದು ಹೊರಟರು. ಹಿಟ್ಟಿನ ಗಿರಣಿ ಬರುವುದಕ್ಕೆ ಮೊದಲು ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತಿದ್ದರಲ್ಲವೇ? ಆಗ ಹಾಡುತ್ತಿದ್ದ ಹಾಡುಗಳು ಇವು. ಊರಿನಲ್ಲಿ ಅವು ಸಾಕಷ್ಟು ಬರುತ್ತಿದ್ದುದು ಒಬ್ಬ ಅಜ್ಜಿಗೆ ಮಾತ್ರ. ಮಕ್ಕಳೊಂದಿಗೆ ನಾನೂ ಹೋಗಿದ್ದೆ. ಮೊಬೈಲು ಹಿಡಿದು ನಿಂತವನೂ ನಾನೇ.

ಅಜ್ಜಿ, ಬೀಸುವ ಕಲ್ಲು, ಸುತ್ತ ಕುಳಿತ ಮಕ್ಕಳು, ಗೂಡಿನಲ್ಲಿಟ್ಟ ದೀಪ ಇವೆಲ್ಲವೂ ಚಿತ್ರದಲ್ಲಿ ಬರಲಿ ಎಂದು ನಾನು ಬಾಗಿಲ ತನಕ ಹಿಂದೆ ಸರಿದೆ. ಅಜ್ಜಿಗೂ ಮೊಬೈಲಿಗೂ ನಡುವೆ ಹನ್ನೆರಡು ಅಡಿ ದೂರ ಇದ್ದಿರಬೇಕು. ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ಕೋಳಿಗಳಿದ್ದವು. ಅಜ್ಜಿ ಒಂದಾದ ಮೇಲೊಂದರಂತೆ ಐದು ಪದ ಹಾಡಿದರು. ಎಲ್ಲರಿಗೂ ಬಹಳ ಸಂತೋಷವಾಯಿತು.

ಮುಗಿದ ಮೇಲೆ ವಿಡಿಯೊವನ್ನು ಅಜ್ಜಿಗೇ ತೋರಿಸಿದೆವು. ಚಿತ್ರ ಚೆನ್ನಾಗಿತ್ತು. ಅವರ ಇಳಕಲ್ ಸೀರೆಯ ಕೆಂಪು ಸೆರಗು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಕೇಳಿಸಿದ್ದೇನು? ಫ್ಯಾನಿನ ಗುಂಯ್‌ಗುಡುವಿಕೆ, ಕಲ್ಲಿನ ಗರಗರ, ನಡುವೆ ಒಂದು ಕೋಳಿ. ಅಜ್ಜಿ ಸ್ವಲ್ಪ ಹೊತ್ತು ನೋಡಿ ಹೇಳಿದರು: "ಇದರಾಗ ನನ್ನ ಬಾಯಿ ಅಷ್ಟ ಆಡಾಕತ್ತೈತಿ. ದನಿ ಎಲ್ಲಿ ಹೋತೋ ತಮ್ಮಾ?"

ಒಳ್ಳೆಯ ಪ್ರಶ್ನೆ. ಅಜ್ಜಿ ಹಾಡುವಾಗ ಅದೇ ಕೋಣೆಯಲ್ಲಿದ್ದ ನಮಗೆಲ್ಲ ಪ್ರತಿಯೊಂದು ಪದವೂ ಕೇಳಿಸಿತ್ತು. ಮೊಬೈಲಿಗೆ ಮಾತ್ರ ಏಕೆ ಕೇಳಿಸಲಿಲ್ಲ?

ಕಿವಿ ಆರಿಸಿಕೊಳ್ಳುತ್ತದೆ, ಮೈಕು ಆರಿಸಿಕೊಳ್ಳುವುದಿಲ್ಲ

ಜಾತ್ರೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಪೀಪಿ, ಡೊಳ್ಳು, ಬಳೆಯಂಗಡಿಯವರ ಕೂಗು, ತೊಟ್ಟಿಲ ಗಾಡಿಯ ಕಿರ್ ಕಿರ್ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತಿರುತ್ತವೆ. ಅಷ್ಟರಲ್ಲಿ ನಿಮ್ಮ ಅವ್ವ ಹಿಂದಿನಿಂದ ನಿಮ್ಮ ಹೆಸರು ಹಿಡಿದು ಕರೆಯುತ್ತಾಳೆ. ತಟ್ಟನೆ ತಿರುಗುತ್ತೀರಿ. ಅವ್ವನ ದನಿ ಡೊಳ್ಳಿಗಿಂತ ಜೋರಾಗಿತ್ತೇ? ಇಲ್ಲ. ನಮಗೆ ಎರಡು ಕಿವಿಗಳಿವೆ. ಶಬ್ದ ಯಾವ ದಿಕ್ಕಿನಿಂದ ಬಂತೆಂದು ಅವು ಮಿದುಳಿಗೆ ತಿಳಿಸುತ್ತವೆ. ಮಿದುಳು ಬೇಕಾದ ಶಬ್ದವನ್ನು ಹಿಡಿದುಕೊಂಡು ಬೇಡದ್ದನ್ನು ಬದಿಗೆ ತಳ್ಳುತ್ತದೆ. ಫ್ಯಾನು ತಿರುಗುತ್ತಿದೆ ಎಂಬುದೇ ನಮಗೆ ಮರೆತುಹೋಗುತ್ತದೆ.

ಮೈಕ್ರೊಫೋನಿಗೆ ಮಿದುಳಿಲ್ಲ. ಅದಕ್ಕೆ ಅಜ್ಜಿಯೂ ಒಂದೇ, ಕೋಳಿಯೂ ಒಂದೇ. ತನ್ನ ಬಳಿಗೆ ಬಂದ ಗಾಳಿಯ ನಡುಕವನ್ನೆಲ್ಲ ಅದು ಕೂಡಿಸಿ ಬರೆದಿಡುತ್ತದೆ. ಮೊಬೈಲು ಇನ್ನೂ ಒಂದು ತಮಾಷೆ ಮಾಡುತ್ತದೆ. ದನಿ ಸಣ್ಣದಾಗಿ ಬಂದರೆ ಅದು ತಾನಾಗಿಯೇ ಶಬ್ದವನ್ನು ಏರಿಸಿಕೊಳ್ಳುತ್ತದೆ. ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಾಗ 'ಓಹೋ, ಶಬ್ದ ಕಡಿಮೆಯಾಯಿತು' ಎಂದುಕೊಂಡು ಫ್ಯಾನನ್ನೇ ಏರಿಸಿಬಿಡುತ್ತದೆ!

ನಾನು ಮಾಡಿದ ಇನ್ನೊಂದು ತಪ್ಪು ನಿಮ್ಮಲ್ಲೂ ಹಲವರು ಮಾಡಬಹುದಾದದ್ದು. ದೂರದಲ್ಲಿ ನಿಂತು ಪರದೆಯ ಮೇಲೆ ಎರಡು ಬೆರಳು ಅಗಲಿಸಿ ಅಜ್ಜಿಯ ಮುಖವನ್ನು ದೊಡ್ಡದಾಗಿ ಮಾಡಿಕೊಂಡೆ. ಚಿತ್ರ ಹತ್ತಿರ ಬಂತು. ದನಿ ಬರಲಿಲ್ಲ. ಏಕೆಂದರೆ ಮೈಕು ಇನ್ನೂ ಬಾಗಿಲಲ್ಲೇ, ನನ್ನ ಕೈಯಲ್ಲೇ ಇತ್ತು.

ರೊಟ್ಟಿಯ ಲೆಕ್ಕ

ಹನ್ನೆರಡು ಅಡಿ ದೂರದಿಂದ ಅಷ್ಟೊಂದು ನಷ್ಟವೇ? ಲೆಕ್ಕ ಹಾಕೋಣ. ಅವ್ವ ರೊಟ್ಟಿ ಬಡಿಯುವುದನ್ನು ನೋಡಿದ್ದೀರಿ. ಹಿಟ್ಟಿನ ಉಂಡೆ ಅಷ್ಟೇ ಇರುತ್ತದೆ. ರೊಟ್ಟಿ ಅಗಲವಾದಂತೆಲ್ಲ ತೆಳ್ಳಗಾಗುತ್ತದೆ. ಅಗಲ ಎರಡರಷ್ಟಾದರೆ ದಪ್ಪ ಅರ್ಧವಾಗುತ್ತದೆಯೇ? ಅಲ್ಲ, ನಾಲ್ಕನೆಯ ಒಂದು ಭಾಗವಾಗುತ್ತದೆ. ಏಕೆಂದರೆ ರೊಟ್ಟಿ ಎರಡೂ ಕಡೆಗೆ, ಉದ್ದಕ್ಕೂ ಅಡ್ಡಕ್ಕೂ, ಹರಡಿತು.

ಬಾಯಿಂದ ಹೊರಟ ಶಬ್ದವೂ ಹೀಗೆಯೇ ಹರಡುತ್ತಾ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಶಬ್ದದ ಬಲ ನಾಲ್ಕನೆಯ ಒಂದು ಪಾಲಾಗುತ್ತದೆ. ಅಜ್ಜಿಯ ಬಾಯಿಂದ ಒಂದು ಗೇಣು ದೂರದಲ್ಲಿ, ಅಂದರೆ ಸುಮಾರು ಒಂಬತ್ತು ಅಂಗುಲದಲ್ಲಿ, ದನಿಯ ಬಲ 256 ಎಂದಿಟ್ಟುಕೊಳ್ಳೋಣ. ಎರಡು ಗೇಣಿನಲ್ಲಿ ಅದು 64. ನಾಲ್ಕು ಗೇಣಿನಲ್ಲಿ 16. ಎಂಟು ಗೇಣಿನಲ್ಲಿ 4. ಹದಿನಾರು ಗೇಣಿನಲ್ಲಿ, ಅಂದರೆ ನಾನು ನಿಂತಿದ್ದ ಹನ್ನೆರಡು ಅಡಿಯಲ್ಲಿ, ಬರೀ 1!

ಫ್ಯಾನಿನ ಸದ್ದು ಕೋಣೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅದರ ಬಲ 2 ಎಂದುಕೊಂಡರೂ ಬಾಗಿಲ ಬಳಿ ಫ್ಯಾನೇ ಗೆಲ್ಲುತ್ತದೆ. ಅಜ್ಜಿಯ ಗಲ್ಲದ ಹತ್ತಿರ 256ರ ಮುಂದೆ 2 ಏನೂ ಅಲ್ಲ. ಫ್ಯಾನು ಅದೇ, ಅಜ್ಜಿಯೂ ಅವರೇ. ಬದಲಾದದ್ದು ಮೈಕಿನ ಜಾಗ ಮಾತ್ರ.

ಈ ಲೆಕ್ಕ ಬಯಲಿಗೆ ಸರಿಯಾಗಿ ಹೊಂದುತ್ತದೆ. ಕೋಣೆಯಲ್ಲಿ ಗೋಡೆಗಳಿಂದ ಮರಳಿ ಬಂದ ದನಿಯೂ ಸೇರುವುದರಿಂದ ದನಿ ಇಷ್ಟು ಇಳಿಯುವುದಿಲ್ಲ. ಅಲ್ಲದೆ 256 ಪಟ್ಟು ಬಲ ಎಂದರೆ ನಮ್ಮ ಕಿವಿಗೆ 256 ಪಟ್ಟು ಜೋರು ಎಂದಲ್ಲ. ಕಿವಿಯ ಲೆಕ್ಕವೇ ಬೇರೆ. ಆದರೂ ಮುಖ್ಯ ಮಾತು ಬದಲಾಗುವುದಿಲ್ಲ.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಮೊಬೈಲನ್ನು ಒಂದು ಕಡೆ ಇಟ್ಟು ಧ್ವನಿಮುದ್ರಣ ಶುರುಮಾಡಿ. ಒಬ್ಬರು ಅದರಿಂದ ಒಂದು ಗೇಣು ದೂರ ಕುಳಿತು 'ಒಂದು' ಎನ್ನಲಿ. ಎರಡು ಗೇಣು ದೂರದಿಂದ 'ಎರಡು', ನಾಲ್ಕು ಗೇಣಿನಿಂದ 'ನಾಲ್ಕು', ಹೀಗೆ ಹದಿನಾರರವರೆಗೆ. ದನಿಯನ್ನು ಏರಿಸಬಾರದು. ದೂರ ಹೋದಂತೆ ತಿಳಿಯದೆಯೇ ಕೂಗತೊಡಗುತ್ತೇವೆ, ಅದನ್ನು ಗೆಳೆಯರು ಗಮನಿಸುತ್ತಿರಲಿ. ಈಗ ಇಯರ್‌ಫೋನ್ ಹಾಕಿಕೊಂಡು ಕೇಳಿ. 'ಒಂದು' ಎಂದಾಗ ಮಾತಾಡಿದವರು ನಿಮ್ಮ ಕಿವಿಯಲ್ಲೇ ಇದ್ದಾರೆ ಎನ್ನಿಸುತ್ತದೆ. 'ಹದಿನಾರು' ಎನ್ನುವಾಗ ಬಾವಿಯೊಳಗಿಂದ ಕರೆದಂತಿರುತ್ತದೆ.

ಚಿಕ್ಕ ಮೈಕು, ದೊಡ್ಡ ಕೆಲಸ

ಹಾಗಾದರೆ ಮೊಬೈಲಿನ ಮೈಕು ಕೆಟ್ಟದ್ದೇ? ಅಲ್ಲ. ಮೊಬೈಲಿನ ಕೆಳ ಅಂಚಿನಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ತೂತು ಕಾಣುತ್ತದೆ. ಅದರೊಳಗೆ ಕೆಲವೇ ಮಿಲಿಮೀಟರ್ ಅಗಲದ ಮೈಕು ಕುಳಿತಿದೆ. ಸಿಲಿಕಾನ್ ಚೂರಿನ ಮೇಲೆ ಮಾಡಿದ ಬಹಳ ನಾಜೂಕಾದ ವಸ್ತು ಅದು. ಅದರ ತೊಂದರೆ ಒಂದೇ. ಕ್ಯಾಮೆರಾ ಎಲ್ಲಿರುತ್ತದೋ ಅದೂ ಅಲ್ಲೇ ಇರಬೇಕು. ಚಿತ್ರಕ್ಕೆ ದೂರ ಬೇಕು, ದನಿಗೆ ಹತ್ತಿರ ಬೇಕು. ಒಂದೇ ಪೆಟ್ಟಿಗೆಯೊಳಗೆ ಇಬ್ಬರನ್ನೂ ಕಟ್ಟಿಹಾಕಿದರೆ ಒಬ್ಬರು ಸೋಲಲೇಬೇಕು. ಆದ್ದರಿಂದ ಮೈಕನ್ನು ಬಿಡಿಸಿ ಹೊರಗೆ ತರುತ್ತಾರೆ. ಇದೇ ಹೊರ ಮೈಕು.

ಟಿ.ವಿ.ಯಲ್ಲಿ ಮಾತಾಡುವವರ ಅಂಗಿಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಗುಂಡಿ ಇರುವುದನ್ನು ನೋಡಿದ್ದೀರಾ? ಅದು ಕಾಲರ್ ಮೈಕು. ಅದರೊಳಗೊಂದು ತೆಳುವಾದ ಪೊರೆ, ಅದರ ಹಿಂದೆ ಒಂದು ಲೋಹದ ಬಿಲ್ಲೆ. ಶಬ್ದ ತಾಕಿದಾಗ ಪೊರೆ ನಡುಗುತ್ತದೆ. ಬಿಲ್ಲೆಗೂ ಪೊರೆಗೂ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಅದರಂತೆಯೇ ವಿದ್ಯುತ್ತು ಏರಿಳಿಯುತ್ತದೆ. ಈ ಏರಿಳಿತವೇ ದನಿಯ ಬರಹ. ಇದು ನಡೆಯಬೇಕಾದರೆ ಪೊರೆ ಮತ್ತು ಬಿಲ್ಲೆಯ ನಡುವೆ ಯಾವಾಗಲೂ ವಿದ್ಯುದಾವೇಶ ಇರಬೇಕು. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿದ್ದೀರಲ್ಲ? ಆ ಆವೇಶ ಸ್ವಲ್ಪ ಹೊತ್ತಿನಲ್ಲಿ ಹೊರಟುಹೋಗುತ್ತದೆ. ಆವೇಶವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ವಸ್ತುಗಳೂ ಇವೆ. ಅವನ್ನು ಎಲೆಕ್ಟ್ರೆಟ್ ಎನ್ನುತ್ತಾರೆ. ತೆಳು ಪ್ಲಾಸ್ಟಿಕ್ ಹಾಳೆಯ ಎಲೆಕ್ಟ್ರೆಟ್ ಬಳಸಿ ಮೈಕು ಮಾಡಬಹುದೆಂದು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ತೋರಿಸಿಕೊಟ್ಟರು. ಅದರಿಂದಾಗಿ ಮೈಕು ಚಿಕ್ಕದಾಯಿತು, ಅಗ್ಗವೂ ಆಯಿತು.

ಈ ಮೈಕು ನಿಮ್ಮ ಮನೆಯಲ್ಲೇ ಇರಬಹುದು! ತಂತಿಯಿರುವ ಇಯರ್‌ಫೋನಿನ ಮೇಲೆ ಫೋನು ಎತ್ತುವ ಗುಂಡಿ ಇದೆಯಲ್ಲ? ಅದರ ಹಿಂದೆಯೋ ಪಕ್ಕದಲ್ಲೋ ಸಣ್ಣ ತೂತು ಹುಡುಕಿ. ಅದೇ ಮೈಕು. ಇಯರ್‌ಫೋನನ್ನು ಮೊಬೈಲಿಗೆ ಚುಚ್ಚಿ, ಈ ಗುಂಡಿಯನ್ನು ಮಾತಾಡುವವರ ಎದೆಯ ಮೇಲೆ ಪಿನ್ನಿನಿಂದ ಸಿಕ್ಕಿಸಿದರೆ ಕಾಲರ್ ಮೈಕು ಸಿದ್ಧ. ತಂತಿ ಒಂದು ಮೀಟರಿಗಿಂತ ಸ್ವಲ್ಪ ಉದ್ದ ಇರುತ್ತದೆ ಅಷ್ಟೇ. ಆದ್ದರಿಂದ ಮೊಬೈಲು ತೀರಾ ದೂರ ಹೋಗಲಾರದು. ಅಂಗಡಿಯಲ್ಲಿ ಸಿಗುವ ಕಾಲರ್ ಮೈಕುಗಳಿಗೆ ಉದ್ದ ತಂತಿ ಇರುತ್ತದೆ. ತಂತಿಯೇ ಇಲ್ಲದವೂ ಈಗ ಬಂದಿವೆ.

ಒಂದು ಎಚ್ಚರಿಕೆ. ಚುಚ್ಚುವ ಪಿನ್ನಿನ ಮೇಲೆ ಉಂಗುರದಂತಹ ಗೆರೆಗಳಿರುತ್ತವೆ. ಎಣಿಸಿ. ಮೊಬೈಲಿನ ದುಂಡು ತೂತಿಗೆ ಮೈಕು ಚುಚ್ಚಬೇಕಾದರೆ ಸಾಮಾನ್ಯವಾಗಿ ಮೂರು ಗೆರೆ ಇರಬೇಕು. ಎರಡೇ ಗೆರೆಯ ಮೈಕುಗಳು ಕ್ಯಾಮೆರಾಗಳಿಗಾಗಿ ಮಾಡಿದವು. ಅವನ್ನು ಚುಚ್ಚಿದರೆ ಮೊಬೈಲು ಸುಮ್ಮನೆ ತನ್ನ ಸ್ವಂತ ಮೈಕಿನಿಂದಲೇ ಮುದ್ರಿಸಿಕೊಳ್ಳುತ್ತದೆ, ನಿಮಗೆ ಹೇಳುವುದೂ ಇಲ್ಲ. ಈಚಿನ ಹಲವು ಮೊಬೈಲುಗಳಲ್ಲಿ ದುಂಡು ತೂತೇ ಇಲ್ಲ. ಅಲ್ಲಿ ಚಾರ್ಜರ್ ಚುಚ್ಚುವ ಜಾಗಕ್ಕೆ ಹೊಂದುವ ಮೈಕು ಬೇಕಾಗುತ್ತದೆ. ಯಾವುದೇ ಆಗಲಿ, ಮೊದಲು ಹತ್ತು ಸೆಕೆಂಡು ವಿಡಿಯೊ ಮಾಡಿ, ಆಗ ಹೊರ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮತ್ತೆ ಕೇಳಿದಾಗ ಕೆರೆದ ಸದ್ದು ಜೋರಾಗಿ ಬಂದರೆ ಮೈಕು ಕೆಲಸ ಮಾಡುತ್ತಿದೆ ಎಂದರ್ಥ. ಇಷ್ಟನ್ನು ಮಾಡದೆ ಒಂದು ಗಂಟೆ ಮುದ್ರಿಸಿ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತವರನ್ನು ನಾನು ಕಂಡಿದ್ದೇನೆ.

ಮೈಕನ್ನು ಎಲ್ಲಿ ಸಿಕ್ಕಿಸಬೇಕು? ಗಲ್ಲದಿಂದ ಒಂದು ಗೇಣು ಕೆಳಗೆ. ಸೆರಗಿನ ಒಳಗಲ್ಲ, ಹೊರಗೆ. ರೇಷ್ಮೆ ಸೆರಗು ಮೈಕಿಗೆ ಉಜ್ಜಿದರೆ ಒಣ ಜೋಳದ ದಂಟಿನಲ್ಲಿ ನಡೆದಂತೆ ಸರಸರ ಎನ್ನುತ್ತದೆ. ಗುಂಡಿನ ಸರ, ತಾಳಿ ಬಡಿಯದಂತೆಯೂ ನೋಡಬೇಕು. ಕೈಮೈಕಾದರೆ ಬಾಯಿಗೆ ನೇರವಾಗಿ ಹಿಡಿಯಬೇಡಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಏಕೆ ಗೊತ್ತೇ? ಅಂಗೈಯನ್ನು ಬಾಯ ಮುಂದೆ ಹಿಡಿದು 'ಮಾಮ' ಎನ್ನಿ. ಈಗ 'ಪಾಪ' ಎನ್ನಿ. ಈಗ 'ಫಲ' ಎಂದು ಮಹಾಪ್ರಾಣವನ್ನು ಚೆನ್ನಾಗಿ ಉಚ್ಚರಿಸಿ. ಗಾಳಿ ಬಡಿಯಿತೇ? ಮೈಕಿನ ಪೊರೆಗೂ ಹಾಗೆಯೇ ಬಡಿದು 'ಡಬ್' ಎಂಬ ಸದ್ದಾಗುತ್ತದೆ.

ಕಹಳೆಯ ಕಾಲದಲ್ಲಿ

ಬಾಯಿಯ ಹತ್ತಿರ ಹೋಗಬೇಕೆಂಬುದು ಹೊಸ ಪಾಠವೇನಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ತಟ್ಟೆಯ ಮೇಲೆ ಮುದ್ರಿಸಿದರು. ಆಗ ಮುದ್ರಣಕ್ಕೆ ಮೈಕು ಬಳಸುತ್ತಿರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕಹಳೆಯಂಥ ಕೊಳವೆಯೊಳಗೆ ಮುಖವಿಟ್ಟು ಜೋರಾಗಿ ಹಾಡಬೇಕಿತ್ತು. ಹಾಡಿನ ಬಲದಿಂದಲೇ ಇನ್ನೊಂದು ತುದಿಯ ಸೂಜಿ ನಡುಗಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಸ್ವಲ್ಪ ಹಿಂದೆ ಸರಿದರೂ ಸೂಜಿಗೆ ಬಲ ಸಾಲುತ್ತಿರಲಿಲ್ಲ. 1925ರಿಂದೀಚೆಗೆ ಮುದ್ರಣಕ್ಕೂ ಮೈಕು ಬಂತು.

ಅಂಥ ತಟ್ಟೆಯೊಂದು ನಿಮ್ಮ ತಾಲ್ಲೂಕಿನ ಒಬ್ಬ ಹುಡುಗನ ಬದುಕನ್ನೇ ಬದಲಿಸಿತು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಚಿಕ್ಕವರಿದ್ದಾಗ ಅಬ್ದುಲ್ ಕರೀಂ ಖಾನರ ಠುಮರಿಯನ್ನು ಗ್ರಾಮೊಫೋನಿನಲ್ಲಿ ಕೇಳಿದರು. ಹಾಗೆ ಹಾಡಲು ಕಲಿಯಬೇಕೆಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತರು. ಈ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. 2008ರಲ್ಲಿ ಜೋಶಿಯವರಿಗೆ ಭಾರತರತ್ನ ಘೋಷಣೆಯಾಯಿತು. ನೀವು ಮಾತ್ರ ಮನೆ ಬಿಡಬೇಡಿ! ಆ ತಟ್ಟೆಯಲ್ಲಿ ಕರೀಂ ಖಾನರ ದನಿಗಿಂತ ಗಿರಗಿರ ಸದ್ದೇ ಹೆಚ್ಚಾಗಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ಯೋಚಿಸಿ.

ಮಾತಾಡುವ ಸಿನಿಮಾ ಬಂದಾಗ ಇದೇ ಕಷ್ಟ ಎದುರಾಯಿತು. ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' 1931ರಲ್ಲಿ ಬಿಡುಗಡೆಯಾಯಿತು. ಅದನ್ನು ತೆಗೆದ ಮುಂಬಯಿಯ ಸ್ಟುಡಿಯೊ ರೈಲು ಹಳಿಯ ಪಕ್ಕದಲ್ಲಿತ್ತು. ರೈಲುಗಳು ನಿಂತ ಮೇಲೆ, ನಡುರಾತ್ರಿ ಕಳೆದು, ಚಿತ್ರೀಕರಣ ಮಾಡುತ್ತಿದ್ದರು. ನಟರ ಅಕ್ಕಪಕ್ಕದಲ್ಲೇ ಕ್ಯಾಮೆರಾಕ್ಕೆ ಕಾಣದಂತೆ ಮೈಕುಗಳನ್ನು ಬಚ್ಚಿಡುತ್ತಿದ್ದರು.

ಎರಡು ಮೊಬೈಲು, ಒಂದು ಚಪ್ಪಾಳೆ

ಇಯರ್‌ಫೋನಿನ ತಂತಿ ಸಾಲದಿದ್ದರೆ ಇನ್ನೊಂದು ಉಪಾಯವಿದೆ. ಒಂದು ಮೊಬೈಲು ದೂರದಿಂದ ಚಿತ್ರ ತೆಗೆಯಲಿ. ಇನ್ನೊಂದನ್ನು ಮಾತಾಡುವವರ ಹತ್ತಿರ, ಚಿತ್ರದಲ್ಲಿ ಕಾಣದಂತೆ, ಒಂದು ತಂಬಿಗೆಯ ಹಿಂದೆಯೋ ಮಡಿಸಿದ ವಲ್ಲಿಯ ಮೇಲೋ ಇಟ್ಟು ದನಿಯನ್ನಷ್ಟೇ ಮುದ್ರಿಸಿ. ಆಮೇಲೆ ಎರಡನ್ನೂ ಸೇರಿಸಬೇಕು. ಎಲ್ಲಿಗೆ ಎಲ್ಲಿ ಕೂಡಿಸುವುದು? ಅದಕ್ಕೆ ಶುರುವಿನಲ್ಲೇ ಯಾರಾದರೂ ಮೊದಲ ಮೊಬೈಲಿಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಬೇಕು. ಚಿತ್ರದಲ್ಲಿ ಅಂಗೈಗಳು ಕೂಡುವ ಕ್ಷಣ ಕಾಣುತ್ತದೆ, ಮುದ್ರಣದಲ್ಲಿ 'ಟಪ್' ಕೇಳುತ್ತದೆ. ಅವೆರಡನ್ನೂ ಒಂದರ ಮೇಲೊಂದು ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ. ಸಿನಿಮಾದವರು ಹಲಗೆಯನ್ನು 'ಟಪ್' ಎಂದು ಬಡಿಯುವುದು ಇದಕ್ಕೇ. ಸುಮ್ಮನೆ ಠೀವಿಗಲ್ಲ.

ಚಪ್ಪಾಳೆಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನರಗುಂದದ ಬೇಸಿಗೆಯ ಬಿಸಿಗಾಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನೀವು ಆಟದ ಮೈದಾನದಲ್ಲಿ 34 ಮೀಟರ್ ದೂರದಿಂದ ವಿಡಿಯೊ ಮಾಡಿದರೆ ಚಪ್ಪಾಳೆ ಕಂಡ ಮೇಲೆ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಬರುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲಿನಲ್ಲಿ ಅದು ಮೂರು ಚಿತ್ರಗಳಷ್ಟು ಹಿಂದೆ. ಮೆಲ್ಲಗೆ ಓಡಿಸಿ ನೋಡಿ, ಸಿಗುತ್ತದೆ.

ಗಾಳಿ ಎಂಬ ಗಲಾಟೆಗಾರ

ಗಜೇಂದ್ರಗಡದ ಮಕ್ಕಳಿಗೆ ಇದನ್ನು ಹೇಳಲೇಬೇಕು. ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿದೆ. ಗಾಳಿ ಚೆನ್ನಾಗಿ ಬೀಸುವ ಜಾಗವೆಂದೇ ಅಲ್ಲಿ ಅವನ್ನು ನೆಟ್ಟದ್ದು. ವಿದ್ಯುತ್ತಿಗೆ ಒಳ್ಳೆಯ ಜಾಗ, ಮೈಕಿಗೆ ಬಹಳ ಕೆಟ್ಟ ಜಾಗ! ಕೋಟೆಯ ಮೇಲೆ ನಿಂತು ವಿಡಿಯೊ ಮಾಡಿದವರಿಗೆ ಗೊತ್ತು. ಮರಳಿ ಕೇಳಿದರೆ ಭರ್ರ್, ಭರ್ರ್ ಎಂದು ಲಾರಿ ಹೋದಂತೆ ಸದ್ದು. ನರಗುಂದದ ಗುಡ್ಡದ ಮೇಲೆ ನಿಂತು 1858ರ ಬಾಬಾಸಾಹೇಬರ ಬಂಡಾಯದ ಕಥೆ ಹೇಳಲು ಹೊರಟರೂ ಇದೇ ಗತಿ.

ಗಾಳಿಗೆ ಇಷ್ಟೊಂದು ಸದ್ದಿದೆಯೇ? ನಮಗೆ ಅಷ್ಟು ಕೇಳುವುದಿಲ್ಲವಲ್ಲ? ಅದು ದೂರದಿಂದ ಬಂದ ಸದ್ದಲ್ಲ. ಬೀಸುವ ಗಾಳಿ ಮೈಕಿಗೆ ತಾಕಿ ಅಲ್ಲೇ ಸುಳಿಸುಳಿಯಾಗಿ ಪೊರೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಮಾತು ಪೊರೆಯನ್ನು ಇರುವೆಯಂತೆ ಮುಟ್ಟಿದರೆ ಗಾಳಿ ಎತ್ತಿನಂತೆ ಗುದ್ದುತ್ತದೆ. ಸೈಕಲ್ ಇಳಿಜಾರಿನಲ್ಲಿ ಜೋರಾಗಿ ಹೋಗುವಾಗ ಕಿವಿಯಲ್ಲಿ ಭೋರ್ಗರೆಯುವುದೂ ಇದೇ ಸದ್ದು. ಆಗ ಹಿಂದೆ ಕುಳಿತವರು ನಿಮ್ಮ ಕಿವಿಗೆ ಅಂಗೈ ಮರೆ ಹಿಡಿದರೆ ಭೋರ್ಗರೆತ ಇಳಿಯುತ್ತದೆ, ಅವರ ಮಾತು ಮಾತ್ರ ಕೇಳುತ್ತಲೇ ಇರುತ್ತದೆ.

ಮೈಕಿಗೆ ಸ್ಪಂಜಿನ ಟೋಪಿ ಹಾಕುವುದು ಇದೇ ಕಾರಣಕ್ಕೆ. ಸ್ಪಂಜಿನ ಸಾವಿರಾರು ತೂತುಗಳ ಮೂಲಕ ಶಬ್ದದ ಸಣ್ಣ ನಡುಕ ಒಳಗೆ ದಾಟಿ ಹೋಗುತ್ತದೆ. ಗಾಳಿಯ ಸುಳಿಗಳು ಹೊರಮೈಯಲ್ಲೇ ಮುರಿದು, ಪೊರೆಯಿಂದ ದೂರದಲ್ಲೇ ಬಲ ಕಳೆದುಕೊಳ್ಳುತ್ತವೆ. ಹಳೆಯ ಮೆತ್ತನೆಯ ಸ್ಪಂಜಿನ ತುಂಡಿಗೆ ಸಣ್ಣ ಗುಳಿ ಮಾಡಿ ಮೈಕನ್ನು ಅದರಲ್ಲಿಟ್ಟು ನೂಲು ಸುತ್ತಿದರೆ ಸಾಕು. ಬಲವಾದ ಗಾಳಿಗೆ ಇದೂ ಸಾಲದು. ಆಗ ಅದರ ಮೇಲೆ ಉದ್ದ ಕೂದಲಿನ ಬಟ್ಟೆ ಹೊದಿಸುತ್ತಾರೆ. ಆ ಮೈಕು ಕುರಿಮರಿಯಂತೆ ಕಾಣುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ ಗಾಳಿಗೆ ಬೆನ್ನು ಕೊಟ್ಟು ಕೋಟೆಯ ಗೋಡೆಯ ಮರೆಯಲ್ಲಿ ನಿಲ್ಲುವುದು.

ಕೌದಿ ಮತ್ತು ಮಗ್ಗ

ಗಾಳಿ ಬೇಡವೆಂದು ಖಾಲಿ ಕೋಣೆಯೊಳಗೆ ಹೋದರೆ ಅಲ್ಲಿ ಗೋಡೆಗಳ ಕಾಟ. ಬರಿಯ ಸಿಮೆಂಟು ಗೋಡೆ, ಕಡಪಾ ಕಲ್ಲಿನ ನೆಲ ಇದ್ದಲ್ಲಿ ಪ್ರತಿ ಮಾತೂ ಗೋಡೆಗೆ ಬಡಿದು ಮರಳಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ದನಿ ಕಲಸಿಹೋಗುತ್ತದೆ. ಇದಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಒಳ್ಳೆಯ ಮದ್ದಿದೆ. ಅದೇ ಕೌದಿ! ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ಎಳೆಗಳ ನಡುವೆ ಸಿಕ್ಕಿದ ಶಬ್ದ ಅಲ್ಲೇ ಇಂಗಿಹೋಗುತ್ತದೆ. ಎರಡು ಕೌದಿಗಳನ್ನು ಹಗ್ಗದ ಮೇಲೆ ಇಳಿಬಿಟ್ಟು, ನೆಲಕ್ಕೆ ನವಲಗುಂದದ ಜಮಖಾನವನ್ನೋ ಕಂಬಳಿಯನ್ನೋ ಹಾಸಿ ಮಾತಾಡಿ ನೋಡಿ. ಕೌದಿ ಇದ್ದಾಗ ಒಮ್ಮೆ, ತೆಗೆದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ.

ಗಜೇಂದ್ರಗಡದಲ್ಲಿ ಕೈಮಗ್ಗದ ನೇಕಾರರನ್ನು ಮಾತಾಡಿಸುವುದಾದರೆ ಮಗ್ಗ ನಿಲ್ಲಿಸಿ ಮಾತು ಮುದ್ರಿಸಿಕೊಳ್ಳಿ. ಆಮೇಲೆ ಲಾಳಿ ಓಡುವ ಸದ್ದನ್ನು ಎರಡು ನಿಮಿಷ ಬೇರೆಯಾಗಿ ಮುದ್ರಿಸಿಕೊಳ್ಳಿ. ಬೇರೆ ಬೇರೆ ಇದ್ದುದನ್ನು ಬೇಕಾದಷ್ಟು ಬೆರೆಸಬಹುದು. ಬೆರೆತದ್ದನ್ನು ಬೇರೆ ಮಾಡುವುದು ಜೋಳದ ಹಿಟ್ಟಿಗೆ ಗೋಧಿ ಹಿಟ್ಟು ಸೇರಿಸಿ ಮತ್ತೆ ಆರಿಸಿದಂತೆ. ಈಗಿನ ಕಂಪ್ಯೂಟರುಗಳು ಹಿನ್ನೆಲೆಯ ಸದ್ದನ್ನು ಎಷ್ಟೋ ಮಟ್ಟಿಗೆ ಕಡಿಮೆ ಮಾಡಬಲ್ಲವು ನಿಜ. ಆದರೆ ಗದ್ದಲದೊಳಗೆ ಪೂರ್ತಿ ಮುಳುಗಿದ ಪದವನ್ನು ಅವು ಇದ್ದ ಹಾಗೆಯೇ ಎತ್ತಿ ಕೊಡಲಾರವು.

ಮತ್ತೆ ಅಜ್ಜಿಯ ಮನೆಗೆ

ಹದಿನೈದು ದಿನ ಬಿಟ್ಟು ನಾವು ಮತ್ತೆ ಅಜ್ಜಿಯ ಮನೆಗೆ ಹೋದೆವು. ಈ ಸಲ ಅವರನ್ನು ಕೇಳಿ ಫ್ಯಾನು ನಿಲ್ಲಿಸಿದೆವು. ಕೋಳಿಗಳನ್ನು ಹಿತ್ತಲಿಗೆ ಅಟ್ಟಿದೆವು. ನಾನು ಜಾಣತನ ಮಾಡಲು ಹೋಗಿ, "ಅಜ್ಜಿ, ಕಲ್ಲು ಬ್ಯಾಡ್ರಿ, ಸುಮ್ನ ಕುಂತು ಹಾಡ್ರಿ, ದನಿ ಛಲೋ ಬರ್ತೈತಿ" ಎಂದೆ. ಅಜ್ಜಿ ಕುಳಿತರು. ಬಾಯಿ ತೆರೆದರು. ಎರಡು ಸಾಲು ಹಾಡಿ ನಿಲ್ಲಿಸಿದರು. "ಕೈಯಾಗ ಗೂಟ ಇಲ್ಲಂದ್ರ ಪದ ಬರಂಗಿಲ್ಲಪಾ. ಕಲ್ಲು ತಿರುಗಿದ್ರ ಪದಾನೂ ತಿರುಗತಾವ" ಎಂದರು.

ಅವರು ಹೇಳಿದ್ದು ಸರಿ. ಐವತ್ತು ವರ್ಷ ಕೈ ತಿರುಗುವ ತಾಳಕ್ಕೇ ಹಾಡಿದ ಪದಗಳು ಅವು. ಆದ್ದರಿಂದ ಒಂದು ಹಿಡಿ ಜೋಳ ಹಾಕಿಕೊಂಡು ಕಲ್ಲು ತಿರುಗಿಸಲಿ ಎಂದೆವು. ಒಬ್ಬ ಹುಡುಗಿ ಇಯರ್‌ಫೋನಿನ ಗುಂಡಿಯನ್ನು ಅಜ್ಜಿಯ ಸೆರಗಿನ ಅಂಚಿಗೆ ಪಿನ್ನಿನಿಂದ ಸಿಕ್ಕಿಸಿದಳು. ತಂತಿಯ ಇನ್ನೊಂದು ತುದಿಯ ಮೊಬೈಲು ಅವರ ಬೆನ್ನ ಹಿಂದೆ ದನಿಯನ್ನು ಮುದ್ರಿಸುತ್ತಿತ್ತು. ಚಿತ್ರ ತೆಗೆಯುವ ಮೊಬೈಲು ಮತ್ತೆ ಬಾಗಿಲಲ್ಲೇ. ಚಪ್ಪಾಳೆ ತಟ್ಟಿದ್ದು ಐದನೆಯ ತರಗತಿಯ ಒಬ್ಬ ಚಿಕ್ಕ ಹುಡುಗ. ಅದಕ್ಕಾಗಿ ಅವನು ಬೆಳಗಿನಿಂದ ಕಾದಿದ್ದ.

ಬಾಯಿಯಿಂದ ಮೈಕಿಗೆ ಒಂದು ಗೇಣು. ಕಲ್ಲಿನಿಂದ ಮೈಕಿಗೆ ಮೂರು ಗೇಣು. ಮುದ್ರಣದಲ್ಲಿ ಅಜ್ಜಿಯ ದನಿ ಮುಂದೆ, ಕಲ್ಲಿನ ಗರಗರ ಹಿಂದೆ, ತಂಬೂರಿಯ ಹಾಗೆ. ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಯರ್‌ಫೋನನ್ನು ಅಜ್ಜಿಯ ಕಿವಿಗೇ ಹಾಕಿ ಕೇಳಿಸಿದೆವು. ಅವರು ಏನೂ ಹೇಳಲಿಲ್ಲ. ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚು" ಎಂದರು.

ಆ ದಿನ ನಾಲ್ಕು ಪದಗಳು ಸಿಕ್ಕವು. ಮೊದಲ ಸಲ ಹಾಡಿದ ಐದನೆಯದು ಅಜ್ಜಿಗೆ ಎಷ್ಟು ನೆನೆಸಿಕೊಂಡರೂ ಬರಲಿಲ್ಲ. ಅದು ನನ್ನ ಹಳೆಯ ವಿಡಿಯೊದಲ್ಲಿ, ಫ್ಯಾನಿನ ಸದ್ದಿನ ಕೆಳಗೆ ಇದೆ. ಮಕ್ಕಳು ಇಯರ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿ ಹನ್ನೊಂದು ಶಬ್ದಗಳನ್ನು ಬರೆದುಕೊಂಡಿದ್ದಾರೆ. ಉಳಿದ ಕಡೆ ಚುಕ್ಕಿ ಇಟ್ಟಿದ್ದಾರೆ. ಪಕ್ಕದ ಊರಿನಲ್ಲಿ ಅಜ್ಜಿಯ ತಂಗಿ ಇದ್ದಾರಂತೆ. ದೀಪಾವಳಿ ರಜೆಯಲ್ಲಿ ಆ ಚುಕ್ಕಿಗಳ ಹಾಳೆಯನ್ನು ಹಿಡಿದುಕೊಂಡು ಅಲ್ಲಿಗೆ ಹೋಗುವುದೆಂದು ಗೊತ್ತಾಗಿದೆ. ಇಯರ್‌ಫೋನನ್ನು ಈಗಲೇ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ.